ನಾಗಪಾಡಾದಿಂದ ನಮ್ಮ ಅಡುಗೆಮನೆಯವರೆಗೆ

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗಳು ಧಾರವಾಡದಿಂದ ಮುಂಬೈಗೆ ಎಂ.ಎಸ್.ಡಬ್ಲ್ಯೂ. ಓದಲು ಬಂದಳು. ಹಾಸ್ಟೆಲ್ ಸಿಗುವವರೆಗೆ ನೆರೂಲಿನ ನಮ್ಮ ಮನೆಯಲ್ಲೇ ಇದ್ದಳು. ಕಾಲೇಜು ಶುರುವಾಗಿ ಎರಡು ವಾರ ಆಗಿರಬಹುದು. ಒಂದು ಸಂಜೆ ನಾನು ಲ್ಯಾಪ್‌ಟಾಪ್ ಮುಂದೆ ಆಫೀಸಿನ ಕಾಲ್ ಮುಗಿಸುತ್ತಿದ್ದೆ. ಅವಳು ಬಂದವಳೇ ಬ್ಯಾಗ್ ಕೆಳಗಿಟ್ಟು ನೇರವಾಗಿ ಅಡುಗೆಮನೆಗೆ ಹೋಗಿ ಸಿಂಕಿನ ಮೇಲಿನ ಕಟ್ಟೆಯನ್ನೇ ನೋಡುತ್ತ ನಿಂತಳು.

"ಅಕ್ಕಾ, ಈ ಲೋಟ ಯಾರದು?"

"ಮಾವಶಿದು. ಯಾಕ?"

"ಬ್ಯಾರೆ ಯಾಕ ಇಟ್ಟೀರಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಸ್ಟೀಲ್ ಲೋಟವನ್ನು ನಾನು ಬೇರೆಯಾಗಿ ಇಟ್ಟವಳಲ್ಲ. ಅತ್ತೆಯವರ ಕಾಲದಿಂದ ಅದು ಅಲ್ಲೇ ಇತ್ತು, ನಾನು ತೆಗೆಯಲಿಲ್ಲ, ಅಷ್ಟೇ. ಅಂದು ಕ್ಲಾಸಿನಲ್ಲಿ ಏನಾಯಿತೆಂದು ಅವಳು ಆಮೇಲೆ ಹೇಳಿದಳು. ಸಾಮಾಜಿಕ ನ್ಯಾಯದ ಪಾಠ ಶುರು ಮಾಡುವ ಮೊದಲು ಮೇಡಂ ಒಂದು ಪ್ರಶ್ನೆ ಕೇಳಿದರಂತೆ: "ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟ ಇದೆ?" ಯಾರೂ ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಹೇಳಿದಳಂತೆ: "ನಮ್ಮಮ್ಮ ಆ ಬೇರೆ ಲೋಟದಲ್ಲಿ ಚಹಾ ಕುಡೀತಾಳೆ. ಆರು ಮನೆಯಲ್ಲಿ ಆರು ಲೋಟ."

ನಮ್ಮ ಮಹಿಳಾ ವಿಭಾಗದ ಇ-ಸಂಚಿಕೆಗೆ ಇತಿಹಾಸದ ಲೇಖನ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಲೋಟ. ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ. ಆದರೆ ಇಂಥ ಪ್ರಶ್ನೆಯನ್ನು ಒಂದು ತರಗತಿಯಲ್ಲಿ ಕೇಳುವ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿಯುವ ಆಸೆಯಾಯಿತು. ಓದುತ್ತ ಹೋದಂತೆ ಆ ಕಥೆ ನಮ್ಮ ಮುಂಬೈಯದೇ ಎಂದೂ, ಅದರಲ್ಲಿ ನಮ್ಮ ಕನ್ನಡ ನಾಡಿನ ಎಳೆಗಳು ಹಲವು ಇವೆ ಎಂದೂ ಗೊತ್ತಾಯಿತು.

ಶಾಲೆಗಿಂತ ಮೊದಲು

ಸಮಾಜಕಾರ್ಯ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಲಂಡನ್ನಿನಿಂದ ಶುರು ಮಾಡುತ್ತಾರೆ. 1884ರಲ್ಲಿ ಅಲ್ಲಿನ ಬಡವರ ಬಡಾವಣೆಯಲ್ಲಿ ಟಾಯ್ನ್‌ಬಿ ಹಾಲ್ ತೆರೆಯಿತು. ವಿಶ್ವವಿದ್ಯಾಲಯದಲ್ಲಿ ಓದಿದ ಯುವಕರು ಬಡವರ ನಡುವೆಯೇ ಮನೆ ಮಾಡಿಕೊಂಡು ಇರಬೇಕು ಎಂಬುದು ಅದರ ಕಲ್ಪನೆ. ಅದನ್ನು ನೋಡಿ ಬಂದ ಜೇನ್ ಆಡಮ್ಸ್ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ಆರಂಭಿಸಿದರು. ಮುಂದೆ 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಆದರೆ ನಮ್ಮಲ್ಲೂ ಅದೇ ಕಾಲದಲ್ಲಿ ಕೆಲಸ ನಡೆದಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಸಮಾಜದ ಬಹಿಷ್ಕಾರವನ್ನು ಎದುರಿಸಿದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ. ಮುಂಬೈಯಲ್ಲಿ 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ವಿಠ್ಠಲ ರಾಮಜಿ ಶಿಂದೆಯವರು ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಅವರನ್ನು ನಾವು ಮಹಾರಾಷ್ಟ್ರದ ಮಹರ್ಷಿ ಎಂದೇ ಬಲ್ಲೆವು. ಅವರ ಸಹೋದರಿ ಜನಾಬಾಯಿಯವರೂ ಅಣ್ಣನ ಜೊತೆ ಆ ಕೆಲಸದಲ್ಲಿ ದುಡಿದರು. ಶಾಲೆಯಿಲ್ಲದೆ, ಡಿಗ್ರಿಯಿಲ್ಲದೆ ಸಮಾಜಕಾರ್ಯ ಮಾಡಿದ ಇಂಥ ಹೆಂಗಸರ ಹೆಸರು ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಬರುವುದು ಅಪರೂಪ.

1911ರಲ್ಲಿ ನಾರಾಯಣ ಮಲ್ಹಾರ ಜೋಶಿಯವರು ಮುಂಬೈಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಸ್ಥಾಪಿಸಿದರು. ಗಿರಣಿ ಕಾರ್ಮಿಕರ ನಡುವೆ ರಾತ್ರಿ ಶಾಲೆ, ವಾಚನಾಲಯ ಮುಂತಾದ ಕೆಲಸ ಅದರದು. ರಾತ್ರಿ ಶಾಲೆ ಎಂದರೆ ನಮ್ಮ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. ಊರಿಂದ ಬರಿಗೈಯಲ್ಲಿ ಬಂದು, ಹಗಲಲ್ಲಿ ಹೋಟೆಲಿನ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ನಮ್ಮ ಸಂಘ ಸಂಸ್ಥೆಗಳನ್ನು ಕಟ್ಟಿತು.

1936: ಒಂದೇ ಊರು, ಎರಡು ಘಟನೆ

ಭಾರತದ ಮೊದಲ ಸಮಾಜಕಾರ್ಯ ಶಾಲೆ ತೆರೆದದ್ದು 1936ರಲ್ಲಿ, ನಮ್ಮ ನಾಗಪಾಡಾದಲ್ಲಿ. ಹೆಸರು ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್. ಶಿಕಾಗೋದಲ್ಲಿ ಓದಿ ಅಮೆರಿಕನ್ ಮರಾಠಿ ಮಿಷನ್ ಮೂಲಕ ಮುಂಬೈಗೆ ಬಂದಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದರ ಮೊದಲ ನಿರ್ದೇಶಕರು. ಹಲ್ ಹೌಸಿನ ಮಾದರಿಯಲ್ಲಿ ಅವರು 1920ರ ದಶಕದಲ್ಲೇ ನಾಗಪಾಡಾ ನೇಬರ್‌ಹುಡ್ ಹೌಸ್ ಕಟ್ಟಿದ್ದರು. ಸುತ್ತ ಗಿರಣಿ ಕಾರ್ಮಿಕರ ಚಾಳುಗಳು, ಪಕ್ಕದಲ್ಲೇ ಕಾಮಾಠಿಪುರ. ಮೊದಲ ತಂಡದಲ್ಲಿ 20 ವಿದ್ಯಾರ್ಥಿಗಳು, ಎರಡು ವರ್ಷದ ಡಿಪ್ಲೊಮಾ.

ಇದಕ್ಕೆ ಹಣ ಬಂದದ್ದು 1932ರಲ್ಲಿ ಸ್ಥಾಪನೆಯಾದ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನಿಂದ. ಇಲ್ಲಿ ನಮ್ಮ ನಾಡಿನ ಇನ್ನೊಂದು ಎಳೆ ಇದೆ. ದೊರಾಬ್ಜಿಯವರ ಪತ್ನಿ ಮೆಹರ್‌ಬಾಯಿ ಬೆಳೆದದ್ದು ಮೈಸೂರು ಸಂಸ್ಥಾನದಲ್ಲಿ. ಅವರ ತಂದೆ ಎಚ್.ಜೆ. ಭಾಭಾ ಅಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರು. ಮೆಹರ್‌ಬಾಯಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ, ಬಾಲ್ಯವಿವಾಹದ ವಿರುದ್ಧ 1929ರ ಶಾರದಾ ಕಾಯ್ದೆಗಾಗಿ ದನಿ ಎತ್ತಿದವರು. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಹೋದರು. ಆಕೆ ತೊಡುತ್ತಿದ್ದ 245 ಕ್ಯಾರೆಟ್‌ನ ಜ್ಯುಬಿಲಿ ವಜ್ರವೂ ಸೇರಿ ಅವರ ಆಸ್ತಿಯೆಲ್ಲ ಟ್ರಸ್ಟಿಗೆ ಸಂದಿತು.

ಅದೇ 1936ರ ಮೇ ತಿಂಗಳಲ್ಲಿ, ಅದೇ ಮುಂಬೈಯಲ್ಲಿ, ಡಾ. ಅಂಬೇಡ್ಕರರು ತಮ್ಮ ಒಂದು ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹಿಂಜರಿದು, ಸಮ್ಮೇಳನವನ್ನೇ ರದ್ದು ಮಾಡಿತ್ತು. ಆ ಭಾಷಣವೇ 'ಜಾತಿ ವಿನಾಶ'. ಆಗ ಅವರು ಮುಂಬೈಯ ಸರ್ಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲರು, ವಾಸ ದಾದರಿನ ರಾಜಗೃಹದಲ್ಲಿ.

ನಾಗಪಾಡಾಕ್ಕೂ ದಾದರಿಗೂ ಎಷ್ಟು ದೂರ? ಕೆಲವೇ ಸ್ಟೇಷನ್. ಒಂದು ಕಡೆ ಅಮೆರಿಕದಿಂದ ಬಂದ ಕೇಸ್‌ವರ್ಕ್ ಪದ್ಧತಿ, ಅಂದರೆ ಕಷ್ಟದಲ್ಲಿರುವ ಒಬ್ಬ ವ್ಯಕ್ತಿ, ಒಂದು ಕುಟುಂಬವನ್ನು ಹಿಡಿದು ಸಹಾಯ ಮಾಡುವ ವಿದ್ಯೆ. ಇನ್ನೊಂದು ಕಡೆ, ಆ ಕಷ್ಟವನ್ನು ಹುಟ್ಟಿಸುವ ವ್ಯವಸ್ಥೆಯನ್ನೇ ಪ್ರಶ್ನಿಸುವ ಪುಸ್ತಕ. ಸಮಾಜಕಾರ್ಯದ ತರಗತಿಗಳಲ್ಲಿ ಇಂದಿಗೂ ನಡೆಯುವ ಚರ್ಚೆ ಬಹುಮಟ್ಟಿಗೆ ಈ ಎರಡರ ನಡುವಿನದು ಎಂದು ನನಗೆ ಅನ್ನಿಸಿತು. ಚಹಾ ಕೊಡುವುದು ದಯೆ. ಯಾವ ಲೋಟದಲ್ಲಿ, ಎಲ್ಲಿ ಕೂರಿಸಿ ಕೊಡುತ್ತೇವೆ ಎಂಬುದು ನ್ಯಾಯದ ಪ್ರಶ್ನೆ.

ಕಾರ್ಖಾನೆಗೆ ಹೋದ ಸಮಾಜಕಾರ್ಯ

1944ರಲ್ಲಿ ಶಾಲೆಯ ಹೆಸರು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಎಂದಾಯಿತು. 1954ರಲ್ಲಿ ದೇವನಾರಿಗೆ ಸ್ಥಳಾಂತರವಾಯಿತು. 1964ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಆ ಹೊತ್ತಿಗೆ ನಿರ್ದೇಶಕರಾಗಿದ್ದವರು ಪ್ರೊ. ಎಂ.ಎಸ್. ಗೋರೆ. ಹುಟ್ಟೂರು ನಮ್ಮ ಹುಬ್ಬಳ್ಳಿ! 1962ರಿಂದ 1982ರವರೆಗೆ, ಇಪ್ಪತ್ತು ವರ್ಷ ಅವರು ಆ ಸಂಸ್ಥೆಯನ್ನು ನಡೆಸಿದರು. ಮುಂದೆ ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾದರು. 1993ರಲ್ಲಿ ಅಂಬೇಡ್ಕರರ ಸಾಮಾಜಿಕ, ರಾಜಕೀಯ ಚಿಂತನೆಯ ಮೇಲೆ ಅವರ ಪುಸ್ತಕ ಬಂತು.

ಹೊಸ ಶಾಲೆಗಳನ್ನು ಕಟ್ಟಿದವರಲ್ಲಿ ಹೆಂಗಸರೇ ಮುಂದಿದ್ದದ್ದು ನಮ್ಮ ಓದುಗರಿಗೆ ಸಂತೋಷ ಕೊಡಬಹುದು. 1946ರಲ್ಲಿ ವೈ.ಡಬ್ಲ್ಯೂ.ಸಿ.ಎ. ಲಖನೌದಲ್ಲಿ ಆರಂಭಿಸಿದ ಶಾಲೆಯೇ ದೆಹಲಿ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಆಯಿತು. ಮದರಾಸಿನ ಶಾಲೆಯ ಹಿಂದೆ ಮೇರಿ ಕ್ಲಬ್‌ವಾಲಾ ಜಾಧವ್ ಇದ್ದರು. ಮುಂಬೈಯ ನಿರ್ಮಲಾ ನಿಕೇತನ 1955ರಲ್ಲಿ, ಮಂಗಳೂರಿನ ರೋಶನಿ ನಿಲಯ 1960ರಲ್ಲಿ, ಎರಡನ್ನೂ ಆರಂಭಿಸಿದವರು ಕ್ರೈಸ್ತ ಸನ್ಯಾಸಿನಿಯರು.

ಇದರ ನಡುವೆ 1948ರ ಕಾರ್ಖಾನೆ ಕಾಯ್ದೆ ಬಂತು. 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಇರಲೇಬೇಕು ಎಂದು ಅದು ಹೇಳಿತು. ಸಮಾಜಕಾರ್ಯ ಓದಿದವರಿಗೆ ಒಳ್ಳೆಯ ಸಂಬಳದ ನೌಕರಿ ತೆರೆಯಿತು. ಕೆಲಸಗಾರರ ಕ್ಯಾಂಟೀನು, ಶಿಶುವಿಹಾರ ನೋಡಿಕೊಳ್ಳಲು ಹುಟ್ಟಿದ ಆ ಹುದ್ದೆಯೇ ಕ್ರಮೇಣ ಪರ್ಸನಲ್ ಆಫೀಸರ್ ಆಗಿ, ಕೊನೆಗೆ ಎಚ್.ಆರ್. ಆಯಿತು. ಇದನ್ನು ಓದಿದ ಮರುದಿನ ಆಫೀಸಿನಲ್ಲಿ ನಮ್ಮ ಎಚ್.ಆರ್. ಗೆಳತಿಯನ್ನು ಕೇಳಿದೆ. "ಹೌದು, ನಾನು ಎಂ.ಎಸ್.ಡಬ್ಲ್ಯೂ.ನೇ. ಧಾರಾವಿಯಲ್ಲಿ ಫೀಲ್ಡ್‌ವರ್ಕ್ ಮಾಡಿದ್ದೆ" ಎಂದು ನಕ್ಕಳು. ಆರು ವರ್ಷದಿಂದ ಜೊತೆಗೆ ಊಟ ಮಾಡುತ್ತಿದ್ದೇವೆ, ನನಗೆ ಗೊತ್ತೇ ಇರಲಿಲ್ಲ.

ವಿದ್ಯಾರ್ಥಿಗಳು ಹೊರಗೆ ಕಂಡದ್ದು

ಸಮಾಜಕಾರ್ಯದ ಓದಿನಲ್ಲಿ ಒಂದು ವಿಶೇಷವಿದೆ. ವಾರದಲ್ಲಿ ಸುಮಾರು ಎರಡು ದಿನ ವಿದ್ಯಾರ್ಥಿಗಳು ಫೀಲ್ಡಿಗೆ ಹೋಗಲೇಬೇಕು. ಜೋಪಡಿಪಟ್ಟಿ, ಆಸ್ಪತ್ರೆ, ಮಕ್ಕಳ ಗೃಹ, ಜೈಲು, ಶಾಲೆ, ಎಲ್ಲಿ ಬೇಕಾದರೂ ಹಾಕಬಹುದು. ಕಂಡದ್ದನ್ನು ವರದಿ ಬರೆದು ಮೇಲ್ವಿಚಾರಕರ ಎದುರು ಕೂತು ಚರ್ಚಿಸಬೇಕು. ಅಲ್ಲಿ "ಆ ಹೆಂಗಸು ಏನಂದಳು?" ಎಂದಷ್ಟೇ ಕೇಳುವುದಿಲ್ಲವಂತೆ, "ಆಗ ನಿನಗೇನು ಅನ್ನಿಸಿತು? ಯಾಕೆ ಹಾಗೆ ಅನ್ನಿಸಿತು?" ಎಂದೂ ಕೇಳುತ್ತಾರಂತೆ. ನಮ್ಮ ಎಂಜಿನಿಯರಿಂಗ್ ಲ್ಯಾಬ್ ರೆಕಾರ್ಡಿನಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಹೀಗೆ ಹೊರಗೆ ಹೋದವರು ಕಂಡದ್ದೇ ಪಠ್ಯವನ್ನೂ ಬದಲಾಯಿಸಿತು. 1978ರಲ್ಲಿ ಮಥುರಾ ಪ್ರಕರಣದ ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ ಮೇಲೆ ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಗಂಡನ ಮನೆಯ ಕ್ರೌರ್ಯ ಶಿಕ್ಷಾರ್ಹ ಅಪರಾಧವೆಂದು ಕಾನೂನು ಬಂತು. ಮರುವರ್ಷ, 1984ರಲ್ಲಿ, ದೇವನಾರಿನ ಸಂಸ್ಥೆ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಮಹಿಳೆಯರು ಮತ್ತು ಮಕ್ಕಳಿಗಾಗಿ ಸ್ಪೆಷಲ್ ಸೆಲ್ ತೆರೆಯಿತು. ಏಟು ತಿಂದ ಹೆಂಗಸು ಠಾಣೆಗೆ ಬಂದರೆ ಪೊಲೀಸರ ಮುಂದೆ ಒಬ್ಬಳೇ ನಿಲ್ಲಬೇಕಾಗಿಲ್ಲ, ಪಕ್ಕದಲ್ಲಿ ತರಬೇತಿ ಪಡೆದ ಸಮಾಜಕಾರ್ಯಕರ್ತೆ ಇರುತ್ತಾಳೆ. ಮುಂದೆ ಇದು ಮಹಾರಾಷ್ಟ್ರದ ಇತರ ಜಿಲ್ಲೆಗಳಿಗೂ ಹರಡಿತು. ಕೇಸ್‌ವರ್ಕ್ ಮತ್ತು ನ್ಯಾಯ ಇಲ್ಲಿ ಒಂದೇ ಬೆಂಚಿನ ಮೇಲೆ ಕೂತವು.

ಅದೇ ವರ್ಷ ಡಿಸೆಂಬರಿನಲ್ಲಿ ಭೋಪಾಲ ಅನಿಲ ದುರಂತ. ಕೆಲವೇ ವಾರಗಳಲ್ಲಿ ಸಮಾಜಕಾರ್ಯದ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಮನೆಮನೆಯ ಸಮೀಕ್ಷೆ ಮಾಡಿದರು. 1996ರಲ್ಲಿ ಮುಂಬೈಯಲ್ಲೇ ಚೈಲ್ಡ್‌ಲೈನ್ ಶುರುವಾಯಿತು. ದೇವನಾರಿನಲ್ಲಿ ಪಾಠ ಮಾಡುತ್ತಿದ್ದ ಜೆರೂ ಬಿಲಿಮೊರಿಯಾ ಅವರ ಪ್ರಯತ್ನ ಅದು. ಬೀದಿಯಲ್ಲಿ ಬದುಕುವ ಮಗುವಿಗೂ ನೆನಪಿರುವಂಥ 1098 ಎಂಬ ಸಂಖ್ಯೆ ಇಂದು ದೇಶಕ್ಕೆಲ್ಲ ಗೊತ್ತು.

2014ರಲ್ಲಿ ಸಮಾಜಕಾರ್ಯದ ಅಂತರರಾಷ್ಟ್ರೀಯ ಸಂಘಟನೆಗಳು ಒಪ್ಪಿದ ವ್ಯಾಖ್ಯೆಯಲ್ಲಿ ಸಾಮಾಜಿಕ ನ್ಯಾಯವನ್ನು ಈ ವೃತ್ತಿಯ ಮೂಲತತ್ವಗಳಲ್ಲಿ ಒಂದೆಂದು ಬರೆಯಲಾಗಿದೆ. ಬರೆಯುವುದು ಸುಲಭ. 2018ರ ಫೆಬ್ರವರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿವೇತನದವರಿಗೆ ಇದ್ದ ಶುಲ್ಕ ವಿನಾಯಿತಿ ನಿಂತಾಗ ವಿದ್ಯಾರ್ಥಿಗಳು ತರಗತಿ ಬಿಟ್ಟು ಮುಷ್ಕರ ಕೂತರು. ಪಾಠದಲ್ಲಿ ಓದಿದ ಮಾತನ್ನು ಅವರು ಗೇಟಿನ ಹತ್ತಿರ ಕೂತು ಕೇಳುತ್ತಿದ್ದರು.

ಹಿಂದಿನ ಬೆಂಚಿನ ಹುಡುಗಿ

ಆರು ಲೋಟದ ಮಾತು ಹೇಳಿದ ಆ ಹುಡುಗಿ ನನ್ನ ತಂಗಿಗೆ ಗೆಳತಿಯಾದಳು. ಒಂದು ಭಾನುವಾರ ನಮ್ಮ ಮನೆಗೂ ಬಂದಿದ್ದಳು. ಊಟದ ಹೊತ್ತಿನಲ್ಲಿ ನಾನು, "ನೀನು ಅಷ್ಟು ಧೈರ್ಯವಾಗಿ ಹೇಳಿದ್ದು ಕೇಳಿ ಖುಷಿಯಾಯಿತು" ಎಂದೆ. ಅವಳು ತಟ್ಟೆ ನೋಡುತ್ತ ಹಿಂದಿಯಲ್ಲಿ ಹೇಳಿದ ಮಾತಿನ ಸಾರ ಇದು: "ಆವತ್ತು ಹೇಳಬಾರದಿತ್ತು ಅಂತ ಈಗ ಅನ್ನಿಸುತ್ತೆ ದೀದಿ. ಅದಾದ ಮೇಲೆ ಜಾತಿ ಅನ್ನೋ ಶಬ್ದ ಬಂದರೆ ಸಾಕು, ಇಡೀ ಕ್ಲಾಸು ತಿರುಗಿ ನನ್ನನ್ನು ನೋಡುತ್ತೆ. ನಾನೂ ಕಲಿಯೋಕೆ ಬಂದವಳು. ನಾನೇ ಪಾಠ ಆಗಿಬಿಟ್ಟಿದ್ದೀನಿ."

ಇನ್ನೊಂದು ಕ್ಲಾಸಿನಲ್ಲಿ ಮೀಸಲಾತಿಯ ಚರ್ಚೆ ನಡೆದಾಗ, ತನಗೆ ಪಾಪಪ್ರಜ್ಞೆ ಕಾಡುತ್ತಿದೆ ಎಂದು ಒಬ್ಬಳು ಅತ್ತಳಂತೆ. ಉಳಿದ ಸಮಯವೆಲ್ಲ ಅವಳನ್ನು ಸಮಾಧಾನ ಮಾಡುವುದರಲ್ಲೇ ಹೋಯಿತು. ಇಂಗ್ಲಿಷಿನಲ್ಲಿ ಚೆನ್ನಾಗಿ ವಾದಿಸುವವರೇ ಚರ್ಚೆಯಲ್ಲಿ ಗೆಲ್ಲುತ್ತಾರೆ, ಫೀಲ್ಡಿನಲ್ಲಿ ಮಾತ್ರ ಬಸ್ತಿಯ ಜನ ಬಾಗಿಲು ತೆರೆಯುವುದು ಮರಾಠಿ, ಕನ್ನಡ ಮೀಡಿಯಮ್ಮಿನವರಿಗೆ ಎಂದು ತಂಗಿ ನಗುತ್ತ ಹೇಳಿದಳು. ಅವಳೂ ಕನ್ನಡ ಮೀಡಿಯಮ್ಮೇ.

ಆ ಹುಡುಗಿಯ ಮಾತು ಕೇಳುತ್ತಿದ್ದಾಗ ನನಗೆ ನನ್ನ ಎಂ.ಟೆಕ್. ದಿನಗಳು ನೆನಪಾದವು. ನಮ್ಮಲ್ಲಿ ಸಾಮಾಜಿಕ ನ್ಯಾಯದ ಚರ್ಚೆ ಎಂಬುದೇ ಇರಲಿಲ್ಲ, ಆದರೆ ಜಾತಿ ಇತ್ತು. ಹೊಸಬರು ಹಾಸ್ಟೆಲಿಗೆ ಬಂದ ಮೊದಲ ವಾರ ನಾವು ಕೇಳುತ್ತಿದ್ದ ಪ್ರಶ್ನೆ, "ಗೇಟ್ ರ‍್ಯಾಂಕ್ ಎಷ್ಟು?" ಎಂದು. ಅದು ರ‍್ಯಾಂಕ್ ತಿಳಿಯಲು ಕೇಳುವ ಪ್ರಶ್ನೆಯಲ್ಲ ಎಂದು ಕೇಳುವವರಿಗೂ ಗೊತ್ತಿತ್ತು, ಉತ್ತರಿಸುವವರಿಗೂ ಗೊತ್ತಿತ್ತು. ನನ್ನ ರೂಮ್‌ಮೇಟನ್ನು ನಾನೇ ಕೇಳಿದ್ದೆ. ಅವಳು ಒಂದು ಸಂಖ್ಯೆ ಹೇಳಿ ಟವೆಲ್ ಹಿಡಿದು ಸ್ನಾನಕ್ಕೆ ಹೋದಳು. ಎರಡು ವರ್ಷ ಒಂದೇ ಕೋಣೆಯಲ್ಲಿದ್ದರೂ ಆ ಬಾಗಿಲು ಮತ್ತೆ ಪೂರ್ತಿ ತೆರೆಯಲಿಲ್ಲ. ಅವಳ ಮದುವೆಗೆ ನನ್ನನ್ನು ಕರೆಯಲಿಲ್ಲ ಎಂದು ಬಹಳ ವರ್ಷ ಬೇಜಾರು ಮಾಡಿಕೊಂಡಿದ್ದೆ. ಯಾಕೆ ಕರೆಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ತಂಗಿಯ ತರಗತಿಯಲ್ಲಿ ಕೊರತೆಗಳಿವೆ. ಆದರೂ ಅಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾರೆ. ನನಗೆ ಯಾರಾದರೂ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೆ ಕೇಳಿದ್ದರೆ ಒಬ್ಬ ಗೆಳತಿ ಉಳಿಯುತ್ತಿದ್ದಳೋ ಏನೋ.

ಮಾವಶಿಯ ಲೆಕ್ಕ

ಈಗ ಲೋಟದ ಕಥೆ ಮುಗಿಸುತ್ತೇನೆ. ತಂಗಿ ಕೇಳಿದ ಮರುದಿನವೇ ನಾನು ಆ ಸ್ಟೀಲ್ ಲೋಟವನ್ನು ಎಲ್ಲ ಲೋಟಗಳ ಜೊತೆ ಸೇರಿಸಿದೆ. ಮಾವಶಿ ಬಂದಾಗ ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟು, ಕುರ್ಚಿ ಎಳೆದು, "ಕೂತ್ಕೊಂಡು ಕುಡೀರಿ" ಎಂದೆ. ಮಾವಶಿ ಎಂದು ನಾವು ಕರೆಯುವುದು ಮುಂಬೈ ರೂಢಿಯಿಂದ. ಆಕೆ ಅಫಜಲಪುರದ ಕಡೆಯವರು, ಮಾತು ಅಪ್ಪಟ ಕಲಬುರಗಿ ಸೀಮೆಯ ಕನ್ನಡ.

ಆಕೆ ಕೂತರು. ಅರ್ಧ ಚಹಾ ಕುಡಿದು ಹೇಳಿದರು: "ಕಪ್ಪಿನ್ಯಾಗ ಕೊಟ್ಟಿದ್ದು ಛಲೋ ಆತ್ರಿ ಅಕ್ಕಾರ. ಆದ್ರ ಹೋದ ತಿಂಗಳ ಮಗಳಿಗೆ ಜ್ವರ ಬಂದು ಎರಡು ದಿನ ಬರಲಿಲ್ಲಂತ ಪಗಾರ ಹಿಡದೀರಲ್ರಿ, ಅದು?"

ನನ್ನ ಆಫೀಸಿನಲ್ಲಿ ನನಗೆ ಸಿಕ್ ಲೀವ್ ಇದೆ. ಮಗುವಿಗೆ ಜ್ವರ ಬಂದರೆ ಮನೆಯಿಂದ ಕೆಲಸ ಮಾಡುತ್ತೇನೆ. ಅಂಥದ್ದಕ್ಕೆ ನನ್ನ ಸಂಬಳ ಒಮ್ಮೆಯೂ ಕಡಿತವಾಗಿಲ್ಲ. ನಾಗಪಾಡಾದಿಂದ ಹಿಡಿದು ನಾನು ಓದಿದ ಇಷ್ಟೆಲ್ಲ ಇತಿಹಾಸವನ್ನು ಮಾವಶಿ ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದರು. ಕಪ್ಪು ಬದಲಾಯಿಸಲು ನನಗೆ ಒಂದು ಪೈಸೆ ಖರ್ಚಾಗಲಿಲ್ಲ, ಅದಕ್ಕೇ ಅದು ಬೇಗ ಆಯಿತು. ಹಿಡಿದ ಹಣವನ್ನು ಅಂದೇ ಕೊಟ್ಟೆ. ತಿಂಗಳಿಗೆ ಎರಡು ರಜೆ, ಜ್ವರ ಬಂದರೆ ಪಗಾರ ಕಡಿತ ಇಲ್ಲ ಎಂದು ಮಾತಾಯಿತು. ಪಕ್ಕದ ಫ್ಲ್ಯಾಟಿನವರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ, ಅದೂ ನಿಜ.

ಕಳೆದ ರಾಜ್ಯೋತ್ಸವಕ್ಕೆ ನಾನು ಸೀರೆ ಉಟ್ಟು ಹೊರಡುವಾಗ ಮಾವಶಿ, "ಎಲ್ಲಿಗ್ರಿ?" ಎಂದರು. ಕನ್ನಡ ಸಂಘಕ್ಕೆ ಎಂದೆ. "ಅಂದ್ರ ಅಲ್ಲಿ ಎಲ್ಲಾರೂ ಕನ್ನಡ ಮಾತಾಡ್ತಾರೇನ್ರಿ?" ಎಂದು ಆಶ್ಚರ್ಯದಿಂದ ಕೇಳಿದರು. ಹತ್ತು ವರ್ಷದಿಂದ ನವಿ ಮುಂಬೈಯಲ್ಲಿದ್ದಾರೆ, ಇಂಥ ಒಂದು ಸಂಘ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ನಮ್ಮ ಕಟ್ಟಡಗಳನ್ನು ಕಟ್ಟಲು, ಮನೆಗಳನ್ನು ತೊಳೆಯಲು ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದವರು ಈ ಊರಿನಲ್ಲಿ ಎಷ್ಟೋ ಜನ ಇದ್ದಾರೆ. ನಮ್ಮ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದೆ, ಸಿಗಲಿಲ್ಲ.

ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರು ಕಟ್ಟಿದ ಪರಂಪರೆ ನಮ್ಮದು. ಆದ್ದರಿಂದ ಮಹಿಳಾ ವಿಭಾಗದ ಮುಂದಿನ ಸಭೆಯಲ್ಲಿ ನಾನು ಒಂದು ಸೂಚನೆ ಇಡುವವಳಿದ್ದೇನೆ: ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಕನ್ನಡದ ಹೆಂಗಸರನ್ನು ಕರೆಯೋಣ, ಅವರಿಗೆ ಅಂದು ಪಗಾರದ ರಜೆ ಕೊಟ್ಟು. ಬಡಿಸಲು, ತೊಳೆಯಲು ಕರೆಯುವುದಲ್ಲ, ಕುರ್ಚಿಯಲ್ಲಿ ಕೂತು ನೋಡಲು, ಮನಸ್ಸಿದ್ದರೆ ಒಂದು ಹಾಡು ಹೇಳಲು. ಸದಸ್ಯತ್ವದ ಶುಲ್ಕದ ಬಗ್ಗೆಯೂ ಅಂದೇ ಮಾತಾಡೋಣ.

ಒಪ್ಪುವವರು, ಒಪ್ಪದವರು, ಇಬ್ಬರೂ ಸಭೆಗೆ ಬನ್ನಿ. ತಂಗಿಯೂ ಬರುತ್ತೇನೆ ಎಂದಿದ್ದಾಳೆ. ಅವಳು ಏನು ಪ್ರಶ್ನೆ ಕೇಳುತ್ತಾಳೋ ನನಗೂ ಗೊತ್ತಿಲ್ಲ.